ಒಂದೇ ಪುಟದಲ್ಲಿ ಎರಡು ಸೀಲು

ಗ್ರಂಥಾಲಯ ಸಹಕಾರ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾತು ಒಳ್ಳೆಯದೇ. ಅದನ್ನು ಆಡುವವರನ್ನು ಹತ್ತಿರದಿಂದ ನೋಡಿದ್ದೇನಲ್ಲ, ಅದಕ್ಕೆ ಈ ಉರಿ.

ಲೈಬ್ರರಿ ಸೈನ್ಸ್ ಓದಿ ಈಗಷ್ಟೇ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಆಗಾಗ ನನ್ನ ಮನೆಗೆ ಬರುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ಅವರ ಪಠ್ಯಪುಸ್ತಕದಲ್ಲಿ ಸಹಕಾರದ ಮೇಲೆ ಒಂದು ಅಧ್ಯಾಯವಿದೆ, ಅದರಲ್ಲೊಂದು ಚಿತ್ರವಿದೆ. ಸಾರ್ವಜನಿಕ ಗ್ರಂಥಾಲಯದಿಂದ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಬಾಣ, ಅಲ್ಲಿಂದ ಇಲ್ಲಿಗೆ ಇನ್ನೊಂದು ಬಾಣ. ಚಿತ್ರ ಚೆನ್ನಾಗಿದೆ, ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ತೆಗೆದುಕೊಳ್ಳಿ ಎನ್ನುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಊರಿನಲ್ಲಿ ಆ ಎರಡನೆಯ ಬಾಣ ಎಲ್ಲಿ ಮುರಿದು ಬಿದ್ದಿದೆ ಎಂದು ಹುಡುಕಿ. ನಮ್ಮಲ್ಲಿ ಅದು ಕಾಲೇಜಿನ ಗೇಟಿನ ಹತ್ತಿರ ಮುರಿದಿತ್ತು.

ನನಗೆ ಬಡ್ತಿ ಯಾವಾಗ ಬಂತು, ಯಾರ ಕೈಯಿಂದ ಹಾರ ಹಾಕಿಸಿಕೊಂಡೆ ಎಂಬುದೆಲ್ಲ ಯಾರಿಗೂ ಬೇಡದ ವಿಷಯ. ಒಂದು ಕಥೆ ಹೇಳುತ್ತೇನೆ. ಅದು ನನ್ನ ಸರ್ವೀಸಿನ ಕೊನೆಯ ದಿನಗಳದ್ದು. ಹಿಂದಿನ ಊರುಗಳಲ್ಲಿ ಕಂಡಿದ್ದೆಲ್ಲ ಇದರಲ್ಲೇ ಬಂದುಬಿಟ್ಟಿದೆ, ಆದ್ದರಿಂದ ಬೇರೆ ಕಥೆಗಳು ಬೇಕಾಗುವುದಿಲ್ಲ.

ನನ್ನ ಕೊನೆಯ ಜಾಗ ದೊಡ್ಡನೆಕ್ಕುಂದಿಯ ಒಂದು ಶಾಖಾ ಗ್ರಂಥಾಲಯ. ಒಂದು ಹಾಲು, ಹಿಂದೆ ಒಂದು ಕೋಣೆ, ಮೇಲೆ ಶೀಟು. ಬೇಸಿಗೆಯಲ್ಲಿ ಒಳಗೆ ಕೂತವರು ಬೆವರುತ್ತಾರೆ, ಮಳೆಗಾಲದಲ್ಲಿ ಶೀಟಿನ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಸರ್ಕಾರಿ ಕಾರ್ಖಾನೆಗಳಿಂದ ನಿವೃತ್ತರಾದ ಹಿರಿಯರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಪತ್ರಿಕೆಯ ಒಳಹಾಳೆ ನನಗೆ ಮೊದಲು, ನಿನಗೆ ಮೊದಲು ಎಂದು ಅವರಲ್ಲಿ ದಿನಾ ಜಗಳ. ಆಮೇಲೆ ರಾತ್ರಿಪಾಳಿ ಮುಗಿಸಿದ ಸೆಕ್ಯುರಿಟಿಯವರು ಬಂದು ಪತ್ರಿಕೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ನಾನು ಎಬ್ಬಿಸುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಕೆಲಸದ ಪರೀಕ್ಷೆಗೆ ಓದುವವರು ಬರುತ್ತಿದ್ದರು. ನಮ್ಮ ಹಿಂದಿನ ಗೋಡೆಯ ಆಚೆಗೆ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಅದರ ಗ್ರಂಥಾಲಯ ನಮ್ಮ ಕಿಟಕಿಯಿಂದಲೇ ಕಾಣುತ್ತಿತ್ತು. ಗಾಜಿನ ಕಟ್ಟಡ, ಒಳಗೆ ಏಸಿ, ಉದ್ದುದ್ದ ರ‍್ಯಾಕುಗಳು, ನಡುವೆ ಅಲ್ಲೊಬ್ಬ ಇಲ್ಲೊಬ್ಬ ಹುಡುಗ ಮೊಬೈಲ್ ನೋಡುತ್ತ ಕೂತಿರುತ್ತಿದ್ದ.

ನಮ್ಮಲ್ಲಿ ಇಂಜಿನಿಯರಿಂಗ್ ಪುಸ್ತಕಗಳು ಎಂದರೆ ಅನಂತಸ್ವಾಮಿಯವರು ಕೊಟ್ಟವು ಮಾತ್ರ. ಅವರು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ ತಮ್ಮ ಮೆಕ್ಯಾನಿಕಲ್ ಪುಸ್ತಕಗಳನ್ನೆಲ್ಲ ಆಟೋದಲ್ಲಿ ತಂದು ನಮಗೆ ಕೊಟ್ಟರು. ಅಂಚಿನಲ್ಲಿ ಪೆನ್ಸಿಲಿನಿಂದ ಅವರೇ ಲೆಕ್ಕ ಬಿಡಿಸಿದ್ದರು, ಕಷ್ಟದ ಜಾಗದಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದಿದ್ದರು. ಇವು ಬೀರುವಿನಲ್ಲಿ ಕೂರಬಾರದಮ್ಮಾ, ಯಾರಾದರೂ ಮುಟ್ಟಿ ಕೊಳೆ ಮಾಡಬೇಕು ಎಂದು ಹೇಳಿ ಹೋದರು. ಅದಾಗಿ ಸ್ವಲ್ಪ ಕಾಲಕ್ಕೆ ಅವರು ತೀರಿಕೊಂಡರು.

ಆ ಪುಸ್ತಕಗಳನ್ನು ಮುಟ್ಟಿದವಳು ನಾಗವೇಣಿ. ದೊಡ್ಡನೆಕ್ಕುಂದಿಯ ಹಳೆಯ ಮನೆತನದ ಹೆಣ್ಣುಮಗಳು. ಅವಳ ತಾತನ ರಾಗಿ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಇವಳು ಡಿಪ್ಲೊಮಾ ಮಾಡಿಕೊಂಡು ಅದೇ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಫಿಟ್ಟರ್ ಆಗಿದ್ದಳು. ಗುತ್ತಿಗೆ ಎಂದರೆ ಗೊತ್ತಲ್ಲ, ನಾಳೆ ಬರಬೇಡ ಎಂದರೆ ನಾಳೆ ಇಲ್ಲ. ಸರ್ಕಾರದ ಕಿರಿಯ ಇಂಜಿನಿಯರ್ ಪರೀಕ್ಷೆ ಬರೆಯಬೇಕೆಂದು ಹಟ ಹಿಡಿದಿದ್ದಳು. ಹಿಂದೆ ಒಮ್ಮೆ ಬರೆದು ಕೂದಲೆಳೆಯಲ್ಲಿ ತಪ್ಪಿತ್ತು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಪಾಳಿ ಮುಗಿಸಿ ಗ್ರೀಸ್ ಮೆತ್ತಿದ ಕೈ ತೊಳೆದುಕೊಂಡು ಬಂದು, ಅನಂತಸ್ವಾಮಿಯವರ ಪುಸ್ತಕ ತೆಗೆದು ಮೂಲೆಯ ಮೇಜಿಗೆ ಕೂರುತ್ತಿದ್ದಳು. ಕೋಚಿಂಗ್ ಕ್ಲಾಸಿನಲ್ಲಿ ಅರ್ಥವಾಗದ್ದು ಆ ಪೆನ್ಸಿಲ್ ಸಾಲಿನಲ್ಲಿ ಅರ್ಥವಾಗುತ್ತದೆ ಮೇಡಂ ಎನ್ನುತ್ತಿದ್ದಳು.

ಈಗ ನಡುವೆ ಒಂದು ಮಾತು. ಅದಕ್ಕೂ ಹಿಂದೆ ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಕಾರ್ಯಾಗಾರ ನಡೆದಿತ್ತು. ನಮ್ಮ ಭಾಗದ ಸಾರ್ವಜನಿಕ ಗ್ರಂಥಾಲಯದವರನ್ನೂ ಕಾಲೇಜು ಗ್ರಂಥಾಲಯದವರನ್ನೂ ಒಟ್ಟಿಗೆ ಕೂರಿಸಿ, ಎಲ್ಲರ ಪುಸ್ತಕಗಳ ವಿವರವನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸುವುದು ಹೇಗೆಂದು ಹೇಳಿಕೊಟ್ಟರು. ಯಾವ ಪುಸ್ತಕ ಯಾರ ಹತ್ತಿರ ಇದೆಯೆಂದು ಕೂತಲ್ಲೇ ನೋಡಬಹುದು ಎಂದರು. ನಾನು ಎದ್ದು ನಿಂತು, ನನ್ನ ಓದುಗನಿಗೆ ಬೇಕಾದ ಪುಸ್ತಕ ಪಕ್ಕದ ಕಾಲೇಜಿನಲ್ಲಿದೆ ಅಂತ ತೋರಿಸಿತು, ಆಮೇಲೇನು ಮಾಡಬೇಕು ಎಂದು ಕೇಳಿದೆ. ಅದು ಪಾಲಿಸಿ ವಿಷಯ ಎಂದು ಭಾಷಣಕಾರರು ನಕ್ಕರು, ಅಷ್ಟರಲ್ಲಿ ಊಟದ ಹೊತ್ತಾಯಿತು. ಮೊದಲು ಪಕ್ಕದ ಕಾಲೇಜಿನಲ್ಲಿ ಪುಸ್ತಕ ಇದೆಯೋ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ. ಈಗ ಇದೆ ಎಂದು ತಿಳಿಯುತ್ತದೆ, ಸಿಗುವುದಿಲ್ಲ. ನನ್ನ ಸರ್ವೀಸಿನಲ್ಲಿ ವಿಧಾನ ಬದಲಾಗಿದ್ದು ಇಷ್ಟೇ.

ಆ ಕಾಲೇಜಿನ ಗ್ರಂಥಪಾಲಕ ಪ್ರಭಾಕರ್ ನನಗೆ ಹಳೆಯ ಪರಿಚಯ. ನಾವಿಬ್ಬರೂ ಒಂದೇ ಮೇಷ್ಟರ ಕೈಕೆಳಗೆ ಲೈಬ್ರರಿ ಸೈನ್ಸ್ ಓದಿದವರು. ಕೆಟ್ಟವರಲ್ಲ, ಆದರೆ ಮ್ಯಾನೇಜ್‌ಮೆಂಟ್ ಎಂಬ ಪದ ಕೇಳಿದರೆ ಎದ್ದು ನಿಲ್ಲುವ ಮನುಷ್ಯ. ನಾಗವೇಣಿಯನ್ನು ಅವರಲ್ಲಿಗೆ ಒಂದೆರಡು ಸಲ ಕಳಿಸಿಕೊಡಲೇ, ಅಲ್ಲೇ ಕೂತು ಓದಿ ಬರುತ್ತಾಳೆ ಎಂದು ಕೇಳಿದ್ದೆ. ಮೇಲಿನವರು ಒಪ್ಪುವುದಿಲ್ಲ ಎಂದರು.

ಹೀಗಿರುವಾಗ ಒಂದು ದಿನ ಕಾಲೇಜಿನವರೇ ನಮ್ಮ ಬಾಗಿಲಿಗೆ ಬಂದರು. ಕಾಲೇಜಿಗೆ ದರ್ಜೆ ಕೊಡುವ ತಜ್ಞರ ಕಮಿಟಿ ಬರುವುದಿತ್ತು. ಕಾಲೇಜು ಸುತ್ತಲ ಸಮುದಾಯಕ್ಕೆ ಏನು ಮಾಡಿದೆ ಎಂದು ಕಮಿಟಿ ಕೇಳುತ್ತದಂತೆ, ಅದಕ್ಕೂ ಅಂಕ ಉಂಟಂತೆ. ಇದ್ದಕ್ಕಿದ್ದಂತೆ ನಾವು ಅವರಿಗೆ ಸಮುದಾಯವಾದೆವು. ಗೋಡೆಯ ಈಚೆ ಇಷ್ಟು ವರ್ಷ ಏನಾಗಿದ್ದೆವೋ ಅವರೇ ಹೇಳಬೇಕು. ನಮ್ಮ ಮೇಲಧಿಕಾರಿಗಳೂ ಅವರ ಪ್ರಿನ್ಸಿಪಾಲರೂ ಒಡಂಬಡಿಕೆಗೆ ಸಹಿ ಹಾಕಿದರು. ನಮ್ಮ ಓದುಗರು ಅವರ ಗ್ರಂಥಾಲಯದಲ್ಲಿ ಕೂತು ಓದಬಹುದು, ಎರಡೂ ಕಡೆಯವರು ಪುಸ್ತಕ ಎರವಲು ಕೊಟ್ಟು ತೆಗೆದುಕೊಳ್ಳಬಹುದು ಎಂದು ಅದರಲ್ಲಿ ಚೆನ್ನಾಗಿಯೇ ಬರೆದಿತ್ತು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ನಾನು ನಿಜವಾಗಿಯೂ ಖುಷಿಪಟ್ಟೆ. ಮನೆಗೆ ಹೋಗುವ ಮೊದಲೇ ನಾಗವೇಣಿಗೆ ಫೋನ್ ಮಾಡಿ, ಇನ್ನು ಆ ಗಾಜಿನ ಮನೆಯಲ್ಲಿ ಕೂತು ಓದು ಎಂದೆ.

ಮಾರನೆಯ ದಿನವೇ ಮೇಲಧಿಕಾರಿಗಳ ಫೋನ್. ಕಮಿಟಿಗೆ ತೋರಿಸಲು ಕಾಲೇಜಿನವರಿಗೆ ಪುಸ್ತಕಗಳು ಸಾಲುತ್ತಿಲ್ಲವಂತೆ, ನಮ್ಮ ಇಂಜಿನಿಯರಿಂಗ್ ಸೆಟ್ಟನ್ನು ಕಳಿಸಿಕೊಡಿ, ಕಮಿಟಿ ಹೋದ ಕೂಡಲೇ ವಾಪಸ್ ಬರುತ್ತದೆ ಎಂದರು. ನನ್ನ ಓದುಗರಲ್ಲಿ ಒಬ್ಬಳು ಪರೀಕ್ಷೆಗೆ ಅದನ್ನೇ ಓದುತ್ತಿದ್ದಾಳೆ ಎಂದೆ. ಸಹಕಾರ ಎಂದರೆ ಕೊಟ್ಟು ತೆಗೆದುಕೊಳ್ಳುವುದು ಮೇಡಂ ಎಂದು ನನಗೇ ಪಾಠ ಹೇಳಿದರು. ಒಂದು ಸಾಲು ಬರೆದು ಕಳಿಸಿ ಸಾರ್ ಎಂದೆ. ಇಷ್ಟಕ್ಕೆಲ್ಲ ಬರೆಯುವುದು ಏನು ಬಂತು ಎಂದು ಗದರಿದರು. ಟೆಂಪೋ ಆಗಲೇ ಬಾಗಿಲಲ್ಲಿ ನಿಂತಿತ್ತು, ಪುಸ್ತಕ ತುಂಬಿಸಿ ಕಳಿಸಿದೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮ ಕಡೆ ಸುಮ್ಮನೆ ಹೇಳುವುದಿಲ್ಲ.

ಕಮಿಟಿ ಬಂದ ದಿನ ಸಾರ್ವಜನಿಕ ಓದುಗರು ಬೇಕೆಂದು ಕಾಲೇಜಿನವರು ವ್ಯಾನ್ ಕಳಿಸಿದರು. ಗೋಡೆಯ ಆಚೆಗೆ ಹೋಗಲು ವ್ಯಾನು. ನಾಗವೇಣಿ ರಜೆ ಹಾಕಿ ಹೋದಳು. ನಮ್ಮ ಪತ್ರಿಕೆ ಜಗಳದ ಹಿರಿಯರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ನಾಗವೇಣಿಯನ್ನು ಕಿಟಕಿಯ ಪಕ್ಕದ ಮೇಜಿಗೆ ಕೂರಿಸಿ ಕೈಗೆ ಒಂದು ಪುಸ್ತಕ ಕೊಟ್ಟರು. ತೆರೆದು ನೋಡಿದರೆ ಅಂಚಿನಲ್ಲಿ ಅನಂತಸ್ವಾಮಿಯವರ ಪೆನ್ಸಿಲ್. ಮುಗುಳ್ನಗಿ ಎಂದರು, ನಕ್ಕಳು, ಫೋಟೋ ತೆಗೆದರು. ಸಿಕ್ಕಿದ್ದೇ ಸಿಕ್ಕಿತೆಂದು ಅವಳು ಸಂಜೆಯವರೆಗೂ ಓದಿಬಿಟ್ಟಳಂತೆ. ಕಮಿಟಿಯ ಹಿರಿಯರೊಬ್ಬರು ಅವಳ ಏಕಾಗ್ರತೆಯನ್ನು ಮೆಚ್ಚಿದರಂತೆ.

ಕಮಿಟಿ ಹೋಯಿತು. ಅದರ ಮರುದಿನ ನಾಗವೇಣಿ ಪಾಳಿ ಮುಗಿಸಿ ಕಾಲೇಜಿಗೆ ಹೋದರೆ ಗೇಟಿನಲ್ಲೇ ತಡೆದರು. ಸ್ಟೂಡೆಂಟೇ, ಸ್ಟಾಫೇ ಎಂದು ಕೇಳಿದರು. ಎರಡೂ ಅಲ್ಲದವರು ಒಳಗೆ ಹೋಗುವಂತಿಲ್ಲ. ನಾನು ಪ್ರಭಾಕರ್‌ಗೆ ಫೋನ್ ಮಾಡಿದೆ. ಒಡಂಬಡಿಕೆ ಇದೆ ನಿಜ, ಅದನ್ನು ಜಾರಿ ಮಾಡುವ ಸುತ್ತೋಲೆ ಇನ್ನೂ ಬಂದಿಲ್ಲ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಹಳೆಯ ಗಾದೆ, ಇಲ್ಲಿ ದೇವರೂ ಪೂಜಾರಿಯೂ ಒಬ್ಬರನ್ನೊಬ್ಬರು ತೋರಿಸುತ್ತಿದ್ದರು. ಹೋಗಲಿ, ನಮ್ಮ ಪುಸ್ತಕ ನಮಗೆ ಕಳಿಸಿ, ಅವಳು ಇಲ್ಲೇ ಶೀಟಿನ ಕೆಳಗೆ ಓದಿಕೊಳ್ಳುತ್ತಾಳೆ ಎಂದೆ. ನೋಡೋಣ ಮೇಡಂ ಎಂದು ಫೋನ್ ಇಟ್ಟುಬಿಟ್ಟರು.

ಆಮೇಲೆ ತಿಳಿಯಿತು. ಕಮಿಟಿ ಬರುವ ಮೊದಲು ಗಡಿಬಿಡಿಯಲ್ಲಿ ನಮ್ಮ ಪುಸ್ತಕಗಳಿಗೆಲ್ಲ ಅವರು ತಮ್ಮ ನಂಬರ್ ಹಾಕಿ, ತಮ್ಮ ಸೀಲ್ ಒತ್ತಿ, ಮೊದಲ ಮತ್ತು ಕೊನೆಯ ಪುಟದಲ್ಲಿದ್ದ ನಮ್ಮ ಚೀಟಿ, ಸೀಲುಗಳ ಮೇಲೆ ತಮ್ಮ ಚೀಟಿ ಅಂಟಿಸಿಬಿಟ್ಟಿದ್ದರು. ಕಮಿಟಿಯವರು ಆ ಸಂಖ್ಯೆಯನ್ನು ನೋಡಿ ಬರೆದುಕೊಂಡು ಹೋಗಿದ್ದರು. ಈಗ ಪುಸ್ತಕ ಹೊರಗೆ ಬಿಟ್ಟರೆ ಲೆಕ್ಕ ಕಡಿಮೆಯಾಗುತ್ತದೆ. ಅವು ನೀವು ಕೊಟ್ಟ ಕೊಡುಗೆ ಎಂದು ಪ್ರಿನ್ಸಿಪಾಲರು ತಣ್ಣಗೆ ಹೇಳಿದರು. ನನ್ನ ಮೇಲಧಿಕಾರಿಗಳ ಬಳಿ ಓಡಿದೆ. ಅವರು, ಕೊಡಿ ಎಂದು ನಾನು ಯಾವಾಗ ಹೇಳಿದೆ, ನನ್ನ ಆದೇಶ ಇದ್ದರೆ ತೋರಿಸಿ ಎಂದರು. ಪುಸ್ತಕ ಕಾಣೆಯಾದರೆ ಗ್ರಂಥಪಾಲಕರೇ ಜವಾಬ್ದಾರರು ಎಂಬ ನಿಯಮವನ್ನೂ ನೆನಪಿಸಿದರು. ಕಳೆದುಹೋದ ಪುಸ್ತಕದ ಬೆಲೆಯನ್ನು ನಮ್ಮ ಸಂಬಳದಿಂದ ಮುರಿಯುವ ಪದ್ಧತಿ ಇರುವುದರಿಂದಲೇ ನಮ್ಮವರು ಅರ್ಧ ಜನ ಬೀರುವಿಗೆ ಬೀಗ ಹಾಕಿ ಅದರ ಮುಂದೆ ಕೂರುವುದು. ಓದಿಸಿದವನಿಗೆ ಭಯ, ಮುಚ್ಚಿಟ್ಟವನಿಗೆ ಶಹಬಾಸ್. ಈ ನಿಯಮ ಮಾಡಿದವರನ್ನು ಒಮ್ಮೆ ಒಂದು ಶಾಖೆಯಲ್ಲಿ ಕೂರಿಸಬೇಕು.

ನಾನು ಹೆದರಲಿಲ್ಲ, ಏಕೆಂದರೆ ಗುಪ್ತಪುಟ ಇತ್ತು. ಹೊಸಬರಿಗೆ ಇದು ಗೊತ್ತಿರಲಿ. ಗ್ರಂಥಾಲಯದ ಸೀಲು ಮೊದಲ ಪುಟದಲ್ಲಿ ಒಂದು, ಕೊನೆಯಲ್ಲಿ ಒಂದು ಇರುತ್ತದೆ. ಇವೆರಡನ್ನೂ ಕಳ್ಳ ಹರಿದು ಎಸೆಯಬಹುದು. ಅದಕ್ಕೇ ನಡುವೆ ಯಾವುದೋ ಒಂದು ಪುಟದಲ್ಲಿ ಇನ್ನೊಂದು ಸೀಲು ಒತ್ತುತ್ತೇವೆ. ಆ ಪುಟದ ಸಂಖ್ಯೆ ಆಯಾ ಗ್ರಂಥಾಲಯದ ಸಿಬ್ಬಂದಿಗೆ ಮಾತ್ರ ಗೊತ್ತು, ಎಲ್ಲ ಪುಸ್ತಕಗಳಲ್ಲೂ ಅದೇ ಪುಟ. ನಮ್ಮದು ಯಾವುದೆಂದು ನಾನು ನಿವೃತ್ತಳಾಗಿದ್ದರೂ ಹೇಳುವುದಿಲ್ಲ.

ಪರೀಕ್ಷೆಗೆ ಇನ್ನೂ ಸಮಯವಿತ್ತು. ನಾನು ಹಟ ಮಾಡಿ ಸಭೆ ಕರೆಸಿದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಅವರು, ಪ್ರಭಾಕರ್, ನನ್ನ ಮೇಲಧಿಕಾರಿಗಳು, ನಾನು. ನಾಗವೇಣಿಯನ್ನು ಬೇಕೆಂದೇ ಕರೆದುಕೊಂಡು ಹೋಗಿದ್ದೆ. ಈ ಜಗಳ ಯಾರಿಗಾಗಿ ಎಂಬುದು ಕಣ್ಣೆದುರಿಗೆ ಕೂತಿರಲಿ ಎಂದು. ಅನಂತಸ್ವಾಮಿಯವರ ಒಂದು ಪುಸ್ತಕವನ್ನು ತರಿಸಿ, ಎಲ್ಲರೂ ನೋಡುವಂತೆ ಗುಪ್ತಪುಟ ತೆರೆದೆ.

ನಮ್ಮ ಸೀಲು ಅಲ್ಲಿತ್ತು. ಅದರ ಪಕ್ಕದಲ್ಲೇ ಅವರ ಸೀಲೂ ಇತ್ತು.

ಒಂದು ಕ್ಷಣ ನನಗೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನೂ ಪ್ರಭಾಕರೂ ಒಂದೇ ಮೇಷ್ಟರ ಶಿಷ್ಯರು. ಆ ಮೇಷ್ಟರು ಹೇಳಿಕೊಟ್ಟ ಪುಟವನ್ನೇ ನಾನು ನಮ್ಮಲ್ಲಿ ಇಟ್ಟುಕೊಂಡಿದ್ದೆ, ಅವರು ಅಲ್ಲಿ ಇಟ್ಟುಕೊಂಡಿದ್ದರು. ಅವರ ಸಿಬ್ಬಂದಿ ತಮ್ಮ ಗುಪ್ತಪುಟ ತೆರೆದಾಗ ನಮ್ಮ ಸೀಲು ಕಣ್ಣಿಗೆ ಹೊಡೆಯುವಂತೆ ಕಂಡಿರಲೇಬೇಕು. ಕಂಡೂ, ಒಂದರ ಮೇಲೊಂದು ಬೀಳದ ಹಾಗೆ ಜಾಗ ಬಿಟ್ಟು, ನೇರವಾಗಿ, ಅಂದವಾಗಿ ತಮ್ಮದನ್ನು ಒತ್ತಿದ್ದರು. ಬೇರೆಯವರ ಮನೆಯ ದೇವರ ಗೂಡಿನಲ್ಲಿ ತಮ್ಮ ಫೋಟೋ ತಂದಿಟ್ಟ ಹಾಗೆ. ಇಷ್ಟು ಶಿಸ್ತಿನ ತಪ್ಪನ್ನು ಗ್ರಂಥಾಲಯದವರಲ್ಲದೆ ಬೇರೆ ಯಾರೂ ಮಾಡಲಾರರು. ಪ್ರಭಾಕರ್ ತಲೆ ಎತ್ತಲೇ ಇಲ್ಲ.

ಮೊದಲು ಯಾರ ಸೀಲು ಬಿದ್ದಿದ್ದು ಎಂದು ಯಾವ ಮಗುವಾದರೂ ಹೇಳುತ್ತದೆ. ನಮ್ಮದರ ಶಾಯಿ ಹಳೆಯದಾಗಿ ಮಾಸಿತ್ತು, ಅವರದು ಹೊಸದಾಗಿ ಹೊಳೆಯುತ್ತಿತ್ತು. ಆದರೆ ಪ್ರಿನ್ಸಿಪಾಲರು ಎರಡೂ ಸೀಲು ಇದೆಯಲ್ಲ ಎಂದರು. ನನ್ನ ಮೇಲಧಿಕಾರಿಗಳು, ನನ್ನ ಇಲಾಖೆಯವರು, ನನ್ನ ಪಕ್ಕದಲ್ಲಿ ಕೂತವರು, ಹೌದು, ಎರಡೂ ಇದೆ, ಹಾಗಾದರೆ ಇದು ವಿವಾದಿತ ಆಸ್ತಿ ಎಂದರು. ತೀರ್ಮಾನವಾಗುವವರೆಗೆ ಪುಸ್ತಕಗಳನ್ನು ಕಾಲೇಜಿನ ಒಂದು ಬೀರುವಿನಲ್ಲಿಟ್ಟು ಎರಡು ಬೀಗ ಹಾಕುವುದು, ಒಂದರ ಕೀಲಿ ಕಾಲೇಜಿನಲ್ಲಿ, ಇನ್ನೊಂದರದು ನಮ್ಮ ಕಚೇರಿಯಲ್ಲಿ. ಕಾಫಿ ಬಂತು. ಎಲ್ಲರಿಗೂ ಸಮಾಧಾನವಾಯಿತು.

ಅವಳು ಪರೀಕ್ಷೆಗೆ ಏನು ಓದಬೇಕು ಎಂದು ನಾನು ಕೇಳಿದೆ. ಧ್ವನಿ ಏರಿತ್ತು. ಮೇಲಧಿಕಾರಿಗಳು ನನ್ನನ್ನು ಬಿಟ್ಟು ನಾಗವೇಣಿಯ ಕಡೆ ತಿರುಗಿ, ಮಗುವಿಗೆ ಹೇಳುವಂತೆ ಹೇಳಿದರು.

“ಪುಸ್ತಕ ಎಲ್ಲೂ ಹೋಗಲ್ಲಮ್ಮಾ. ಬೀರುವಿನಲ್ಲಿ ಭದ್ರವಾಗಿರುತ್ತೆ.”

ನಾಗವೇಣಿ ಕಾಫಿ ಮುಟ್ಟಿರಲಿಲ್ಲ.

“ಪುಸ್ತಕ ಎಲ್ಲೂ ಓಗಲ್ಲ, ಸರಿ ಸಾರ್,” ಎಂದಳು. “ನನ್ ವಯಸ್ಸು ಓಗ್ತದಲ್ಲ, ಅದುನ್ನ ಯಾವ ಬೀರುನಾಗೆ ಇಡಾನ?”

ಪ್ರಿನ್ಸಿಪಾಲರಿಗೆ ಬೇರೊಂದು ಮೀಟಿಂಗ್ ನೆನಪಾಯಿತು.

ಅಂದು ಹೊರಗೆ ಬಂದು ರಸ್ತೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟಿಗೇ ಬಂದ ಕಣ್ಣೀರು. ನಾಗವೇಣಿಯೇ ನನ್ನನ್ನು ಆಟೋ ಹತ್ತಿಸಿದಳು. ಮನೆಗೆ ಹೋದವಳು ಪೀಣ್ಯದ ಕಡೆಯ ಒಂದು ಪಾಲಿಟೆಕ್ನಿಕ್ಕಿನ ಗ್ರಂಥಪಾಲಕಿ ನೂರ್‌ಜಹಾನ್‌ಗೆ ಫೋನ್ ಮಾಡಿದೆ. ಹೋಟೆಲಿನ ಕಾರ್ಯಾಗಾರದಲ್ಲಿ ಪಕ್ಕದಲ್ಲಿ ಕೂತಿದ್ದವಳು. ನನ್ನ ಪ್ರಶ್ನೆಗೆ ಭಾಷಣಕಾರರು ನಕ್ಕಾಗ ನಗದೆ ಇದ್ದವಳು ಅವಳೊಬ್ಬಳೇ, ಆ ಕಾರ್ಯಾಗಾರದಿಂದ ನನಗೆ ದಕ್ಕಿದ್ದೂ ಅವಳ ನಂಬರ್ ಒಂದೇ. ಎಲ್ಲ ಕೇಳಿಸಿಕೊಂಡು, ಯಾವ್ಯಾವ ಪುಸ್ತಕ ಬೇಕು ಹೇಳಿ ಅಕ್ಕಾ ಎಂದಳು. ಹೊರಗಿನವರಿಗೆ ಕೊಡಲು ಅವಳಿಗೂ ಅಧಿಕಾರವಿಲ್ಲ. ಸಿಬ್ಬಂದಿಗೆ ಕೊಡುವ ಕಾರ್ಡು ಅವಳದೇ ಇತ್ತಲ್ಲ, ಅದರ ಮೇಲೆ ತನ್ನ ಹೆಸರಿಗೇ ಪುಸ್ತಕ ತೆಗೆದಳು. ಕಳೆದುಹೋದರೆ ಅವಳ ತಲೆಯ ಮೇಲೆ.

ಅವಳು ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೋ ಹತ್ತುತ್ತಿದ್ದಳು. ನಾನು ಹೂಡಿಯಿಂದ ನೇರಳೆ ಮಾರ್ಗದ್ದು. ಮೆಜೆಸ್ಟಿಕ್‌ನಲ್ಲಿ ಎರಡೂ ಸೇರುವ ಕಡೆ, ಎಸ್ಕಲೇಟರಿನ ಪಕ್ಕ ನಿಂತು ಚೀಲ ಬದಲಾಯಿಸಿಕೊಂಡು ಹಾಗೇ ಹಿಂತಿರುಗುತ್ತಿದ್ದೆವು. ಓದಿ ಮುಗಿದವು ಅವಳಿಗೆ, ಹೊಸವು ನನಗೆ. ಒಮ್ಮೆ ಅವಳು ಚೀಲದಲ್ಲಿ ಪುಸ್ತಕದ ಜೊತೆ ಡಬ್ಬಿಯಲ್ಲಿ ಶಾವಿಗೆ ಪಾಯಸವನ್ನೂ ಇಟ್ಟಿದ್ದಳು, ಪರೀಕ್ಷೆ ಬರೆಯುವ ಹುಡುಗಿಗೆ ಅಂತ. ಪಾಯಸ ಸೋರದೆ ಇದ್ದದ್ದು ದೇವರ ದಯೆ. ನಮ್ಮ ಈ ವ್ಯವಹಾರಕ್ಕೆ ಒಡಂಬಡಿಕೆ ಇರಲಿಲ್ಲ, ಪೇಟ ಇರಲಿಲ್ಲ, ಫೋಟೋ ಅಂತೂ ಇರಲೇ ಇಲ್ಲ. ನನ್ನ ಇಡೀ ಸರ್ವೀಸಿನಲ್ಲಿ ಪ್ರಾದೇಶಿಕ ಗ್ರಂಥಾಲಯ ಸಹಕಾರ ಎಂದು ನಾನು ಕಂಡಿದ್ದು ಅದೊಂದೇ. ಇಬ್ಬರು ಹೆಂಗಸರು ರಜಾದಿನ ಕದ್ದು ಮಾಡಬೇಕಾಗಿ ಬಂತಲ್ಲ ಎಂದು ನೆನೆದರೆ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚಾಗುತ್ತದೆ, ನನ್ನದಲ್ಲ, ನಮ್ಮ ವ್ಯವಸ್ಥೆಯ ನಾಚಿಕೆ.

ನಾಗವೇಣಿ ಪರೀಕ್ಷೆ ಬರೆದಳು. ಪಾಲಿಟೆಕ್ನಿಕ್ಕಿನ ಪುಸ್ತಕಗಳಲ್ಲಿ ಪೆನ್ಸಿಲ್ ಸಾಲು ಇರಲಿಲ್ಲ, ಕಷ್ಟವಾಯಿತು ಎಂದಳು. ಫಲಿತಾಂಶ ಬರಲು ಒಂದು ಮಳೆಗಾಲ ಕಳೆಯಿತು. ಬೀರುವಿನ ವಿವಾದ ಹಾಗೇ ಇತ್ತು. ನಾನು ಕೇಳುತ್ತಲೇ ಇದ್ದೆ, ಅವರು ಪರಿಶೀಲನೆಯಲ್ಲಿದೆ ಎನ್ನುತ್ತಲೇ ಇದ್ದರು. ಕಡೆಗೊಂದು ಮಧ್ಯಾಹ್ನ ಅವಳು ಕಾರ್ಖಾನೆಯ ಗೇಟಿನಿಂದಲೇ ಫೋನ್ ಮಾಡಿ, ಆಯ್ತು ಮೇಡಂ ಎಂದಳು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು.

ಇಲ್ಲಿಗೆ ಮುಗಿದಿದ್ದರೆ ಸಿಟ್ಟು ಆರುತ್ತಿತ್ತು. ಆ ವಾರವೇ ಕಾಲೇಜಿನ ಗೇಟಿನ ಮೇಲೆ ಫ್ಲೆಕ್ಸ್ ಏರಿತು. ಊರಿನಲ್ಲೆಲ್ಲ ಫ್ಲೆಕ್ಸ್ ನಿಷೇಧ, ಕಾಲೇಜಿನ ಗೇಟು ಊರಿಗೆ ಸೇರಿಲ್ಲವೋ ಏನೋ. ನಾಗವೇಣಿ ಪುಸ್ತಕ ಹಿಡಿದು ನಗುತ್ತಿರುವ ಫೋಟೋ, ಕಮಿಟಿ ಬಂದ ದಿನ ತೆಗೆದದ್ದು. ಕೆಳಗೆ, ನಮ್ಮ ಗ್ರಂಥಾಲಯ ಸಹಕಾರದ ಹೆಮ್ಮೆಯ ಫಲ ಎಂದು ಬರೆದಿತ್ತು. ಕಾಲೇಜಿಗೆ ಒಳ್ಳೆಯ ದರ್ಜೆಯೂ ಬಂದಿತ್ತು. ಸನ್ಮಾನಕ್ಕೆ ನಾಗವೇಣಿಯನ್ನು ಕರೆದರು, ನನ್ನನ್ನೂ ಮೇಲಧಿಕಾರಿಗಳನ್ನೂ ಕರೆದರು. ನಾನು ಹೋಗುವುದಿಲ್ಲ ಎಂದೆ. “ಓಗಾಣ ಮೇಡಂ,” ಎಂದಳು ಅವಳು. “ಪುಸ್ತಕ ಅಲ್ಲೇ ಅವೆ.”

ಸಭಾಂಗಣ ತುಂಬಿತ್ತು. ಭಾಷಣಗಳಾದವು. ಸಹಕಾರ ಎಂಬ ಪದ ಎಷ್ಟು ಸಲ ಬಂತೋ, ನಾನು ಅಷ್ಟೂ ಸಲ ಕುರ್ಚಿಯ ಕೈ ಹಿಡಿದುಕೊಂಡೆ. ಶಾಲು ಹೊದಿಸುವ ಮೊದಲು ಸಾಧಕಿ ಎರಡು ಮಾತಾಡಲಿ ಎಂದು ಮೈಕು ಕೊಟ್ಟರು. ನಾಗವೇಣಿ ಕಾರ್ಖಾನೆಯಲ್ಲಿ ಪಾಳಿಯ ಲೆಕ್ಕ ಒಪ್ಪಿಸುವವಳಂತೆ ನೆಟ್ಟಗೆ ನಿಂತು ಮಾತಾಡಿದಳು.

“ನಾನು ಇಲ್ಲಿ ಒಂದೇ ದಿನ ಓದಿದ್ದು. ಅವತ್ತು ಫೋಟೋ ತೆಗೆದ್ರು. ಮಾರ್ನೆ ದಿನ ಒಳಿಕ್ಕೆ ಬಿಡ್ಲಿಲ್ಲ. ನಂಗೆ ಶಾಲು ಬ್ಯಾಡ ಸಾರ್. ನಾನು ಓದ್ತಿದ್ದ ಪುಸ್ತಕ ನಿಮ್ ಬೀರುನಾಗೆ ಅವೆ. ಎಲ್ಡು ಬೀಗದ್ದೂ ಯಜಮಾನ್ರು ಇಲ್ಲೇ ಕುಂತವ್ರೆ. ಈಗ್ಲೇ ತೆಗೀರಿ.”

ಹಿಂದಿನ ಸಾಲಿನ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆಯತೊಡಗಿದರು, ನಿಲ್ಲಿಸಲೇ ಇಲ್ಲ. ಅಷ್ಟು ಜನರ ಮುಂದೆ ಇಲ್ಲ ಎನ್ನಲು ಪ್ರಿನ್ಸಿಪಾಲರಿಗೂ ಮೇಲಧಿಕಾರಿಗಳಿಗೂ ಬಾಯಿ ಬರಲಿಲ್ಲ. ಮೇಲಧಿಕಾರಿಗಳ ಕೀಲಿ ಅವರ ಬ್ಯಾಗಿನ ಗೊಂಚಲಿನಲ್ಲೇ ಇತ್ತು. ಪ್ರಭಾಕರ್ ಮುಂದೆ ನಡೆದರು, ನಾವೆಲ್ಲ ಹಿಂದೆ. ಗ್ರಂಥಾಲಯಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ, ಅವರು ಮೆಟ್ಟಿಲಿಳಿದು ಬೇಸ್‌ಮೆಂಟಿಗೆ ಹೋದರು. ವಿವಾದಿತ ಆಸ್ತಿಯನ್ನು ಗಾಜಿನ ಮನೆಯಲ್ಲಿ ಇಡಬಾರದೆಂದು ಅಲ್ಲಿಗೆ ಸಾಗಿಸಿದ್ದರಂತೆ.

ಆ ಕಾಲೇಜು ಇರುವುದು ರಾಜಕಾಲುವೆಯ ಪಕ್ಕ. ನಮ್ಮ ಕಡೆ ಜೋರು ಮಳೆ ಬಂದರೆ ಕಾಲುವೆಯ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬೇಸ್‌ಮೆಂಟುಗಳಿಗೆ ನುಗ್ಗುವುದು ಎಲ್ಲರಿಗೂ ಗೊತ್ತು. ಆ ಮಳೆಗಾಲವೂ ನುಗ್ಗಿತ್ತು. ಕಾರುಗಳನ್ನು ಎಳೆದು ಹೊರತಂದರಂತೆ, ಜನರೇಟರನ್ನು ಉಳಿಸಿಕೊಂಡರಂತೆ. ಬೀರುವಿಗೆ ಎರಡು ಬೀಗ, ಒಂದು ಬೇರೆ ಇಲಾಖೆಯದು, ನಮಗ್ಯಾಕೆ ಎಂದು ಅದನ್ನು ಯಾರೂ ಮುಟ್ಟಲಿಲ್ಲವಂತೆ. ಇದನ್ನೆಲ್ಲ ಪ್ರಭಾಕರ್ ಮೆಟ್ಟಿಲ ಮೇಲೆ ನಿಂತು ನೆಲ ನೋಡುತ್ತ ಹೇಳಿದರು.

ಬೀಗ ತೆಗೆದರೂ ಬಾಗಿಲು ಬರಲಿಲ್ಲ. ನಾಗವೇಣಿ ಮೊಣಕಾಲು ಕೊಟ್ಟು ಎಳೆದಳು. ಒಳಗಿನಿಂದ ಬೂಸಲು ವಾಸನೆ ಮುಖಕ್ಕೆ ಹೊಡೆಯಿತು. ಪುಸ್ತಕಗಳು ನೀರು ಕುಡಿದು ಊದಿ, ಆಮೇಲೆ ಒಣಗಿ, ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗಿದ್ದವು. ನಾನು ಒಂದನ್ನು ಬಿಡಿಸಿ, ಹಾಳೆ ಹರಿಯದಂತೆ ಮೆಲ್ಲಗೆ ಗುಪ್ತಪುಟ ತೆರೆದೆ. ಶಾಯಿಯೆಲ್ಲ ಹರಡಿ ನೇರಳೆ ಕಲೆಯೊಂದು ಉಳಿದಿತ್ತು. ನಮ್ಮ ಸೀಲು ಯಾವುದು, ಅವರ ಸೀಲು ಯಾವುದು, ಏನೂ ಓದಲು ಬರುವಂತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪುಸ್ತಕದ ಜೊತೆ ಬದುಕಿದವಳು ನಾನು, ಹೆಣ ನೋಡಿದಂತಾಯಿತು.

ಮೇಲಧಿಕಾರಿಗಳು ನನ್ನ ಭುಜದ ಮೇಲಿನಿಂದ ಬಗ್ಗಿ ಆ ಪುಟ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. “ಎರಡೂ ಸೀಲು ಅಳಿಸಿಹೋಗಿದೆ,” ಎಂದರು. “ಅಂದಮೇಲೆ ವಿವಾದ ಇಲ್ಲ. ಫೈಲ್ ಕ್ಲೋಸ್ ಮಾಡಬಹುದು.” ಪ್ರಿನ್ಸಿಪಾಲರು ಕೂಡಲೇ ತಲೆಯಾಡಿಸಿ ಅವರ ಕೈ ಕುಲುಕಿದರು. ಆ ಎರಡು ಸಂಸ್ಥೆಗಳು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ನನ್ನ ಬಾಯಿಗೆ ಏನು ಬಂತೋ ಅದನ್ನು ಅಂದೆ. ಅಚ್ಚು ಮಾಡುವಂಥ ಮಾತುಗಳಲ್ಲ, ಇಲ್ಲಿ ಬರೆಯುವುದಿಲ್ಲ. ನಿವೃತ್ತಿಗೆ ಕೆಲವೇ ವಾರಗಳಿದ್ದವು, ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ ಎಂದು ಅಂದೆ.

ನಾನು ಕೂಗಾಡುವಾಗ ನಾಗವೇಣಿ ಅಲ್ಲಿರಲಿಲ್ಲ. ಮೇಲೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಗೇಟಿನ ಫ್ಲೆಕ್ಸನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಇಳಿದು ಬಂದಳು. ನಾಲ್ಕೂ ಮೂಲೆಯ ಹಗ್ಗ ಕತ್ತರಿಸಿ ಇಳಿಸಿದ್ದಳು, ಸೆಕ್ಯುರಿಟಿಯವರು ಸುಮ್ಮನೆ ನಿಂತು ಏಣಿ ಹಿಡಿದಿದ್ದರಂತೆ. ಅದನ್ನು ಬೇಸ್‌ಮೆಂಟಿನ ನೆಲದ ಮೇಲೆ ಹಾಸಿ, ಬೀರುವಿನಿಂದ ಅನಂತಸ್ವಾಮಿಯವರ ಪುಸ್ತಕಗಳನ್ನು ಒಂದೊಂದಾಗಿ ಕಿತ್ತು ಅದರ ಮೇಲೆ ಇಡತೊಡಗಿದಳು.

“ಏನಮ್ಮಾ ಇದು,” ಎಂದರು ಪ್ರಿನ್ಸಿಪಾಲರು. “ಆ ಫ್ಲೆಕ್ಸ್ ಕಾಲೇಜಿನದು.”

“ಮುಖ ನಂದು ಸಾರ್,” ಎಂದು ಹೇಳಿ ಅವಳು ಗಂಟು ಕಟ್ಟಿದಳು. ನಾನು ಇನ್ನೊಂದು ತುದಿ ಹಿಡಿದುಕೊಂಡೆ.